ಮೇಷ್ಟ್ರ ಜಾವಾ ಮತ್ತು ಅಳತೆಯ ಲೋಟ

ಮನೆಯಲ್ಲಿ ಹಳೆಯ ಮೋಟಾರ್‌ಸೈಕಲ್ ಇದ್ದರೆ ಹಸು ಸಾಕಿದ ಹಾಗೆ. ಅದಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂದು ಹೇಳುವವರು ಬೀದಿಗೆ ಹತ್ತು ಮಂದಿ. ಸಗಣಿ ಬಾಚುವವನು ಮಾತ್ರ ಯಜಮಾನ ಒಬ್ಬನೇ.

ಮೈಸೂರಿನ ಸರಸ್ವತಿಪುರಂನಲ್ಲಿರುವ ನಿವೃತ್ತ ಮೇಷ್ಟ್ರ ಮನೆಯಲ್ಲಿ ಅಂಥದೊಂದು ಗಾಡಿ ಇದೆ. 1968ರ ಜಾವಾ, 250 ಸಿ.ಸಿ.ಯದು, ಅದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಗಾಡಿಗಳು ನಿಲ್ಲಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿಗಳ ಯಜಮಾನರೆಲ್ಲ ಒಟ್ಟಾಗಿ ಮೆರವಣಿಗೆ ಹೊರಡುತ್ತಾರೆ. ಎಂಜಿನಿಯರಿಂಗ್ ಓದುವ ಮೊಮ್ಮಗ ಈ ಸಲ ತಾತನ ಗಾಡಿಯಲ್ಲಿ ತಾನೂ ಹೋಗುವುದೆಂದು ತೀರ್ಮಾನಿಸಿದ.

ತಾತನ ಗಾಡಿಗೆ ಕಡಿಮೆ ಬೆಲೆಯದು ಹಾಕುವುದೆ? ಪಾಕೆಟ್ ಮನಿ ಉಳಿಸಿ, ಅಂಗಡಿಯಲ್ಲಿದ್ದ ಅತಿ ದುಬಾರಿಯ ಸಿಂಥೆಟಿಕ್ ಆಯಿಲ್ ತಂದ. ಹೊಸ ಕಾರುಗಳಿಗೆ ಹಾಕುವಂಥದು, ನೀರಿನಷ್ಟು ತೆಳ್ಳಗಿತ್ತು. ಗೇರ್‌ಬಾಕ್ಸಿನ ಹಳೆಯ ಎಣ್ಣೆ ಇಳಿಸಿ ಇದನ್ನು ತುಂಬಿದ. ಮರುದಿನ ಚಾಮುಂಡಿ ಬೆಟ್ಟ ಹತ್ತಿಸಲು ಹೊರಟರೆ, ಅರ್ಧ ದಾರಿಯಲ್ಲಿ ಎಂಜಿನ್ ಅರಚಿಕೊಂಡಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ಮೆಟ್ಟಿಲು ಹತ್ತುತ್ತಿದ್ದ ಅಜ್ಜಿಯೊಬ್ಬರು ಇವನಿಗಿಂತ ಮೊದಲು ಮೇಲೆ ತಲುಪಿರಬೇಕು.

ಮಂಡಿ ಮೊಹಲ್ಲದ ಮೆಕಾನಿಕ್ ಸ್ವಲ್ಪ ಎಣ್ಣೆ ಇಳಿಸಿ, ಎರಡು ಬೆರಳ ನಡುವೆ ಉಜ್ಜಿ ನೋಡಿದ.

“ಎಣ್ಣೆ ಕೆಟ್ಟದ್ದಲ್ಲ ಕಣಪ್ಪ. ಗಾಡಿ ಬೇರೆ, ಅಷ್ಟೇ” ಎಂದ.

ಜಾವಾದಲ್ಲಿ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಕ್ಲಚ್ಚಿನ ಪ್ಲೇಟುಗಳು ಅದರಲ್ಲಿ ಮುಳುಗಿಯೇ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾರಿನ ಕ್ಲಚ್ ಸಾಮಾನ್ಯವಾಗಿ ಎಂಜಿನ್ ಆಯಿಲ್‌ನಿಂದ ಹೊರಗಿರುವುದರಿಂದ ಕಾರಿನ ಆಯಿಲ್‌ಗೆ ಜಾರುವ ಗುಣ ಹೆಚ್ಚಿಸುವ ಪದಾರ್ಥ ಬೆರೆಸಿರುತ್ತಾರೆ. ಅಲ್ಲಿ ಅದು ವರ, ಇಲ್ಲಿ ಶಾಪ. ಮೆಕಾನಿಕ್ ಅದನ್ನು ಪೂರ್ತಿ ಇಳಿಸಿ, 20ಡಬ್ಲ್ಯು-40 ದಪ್ಪದ ಮೋಟಾರ್‌ಸೈಕಲ್ ಆಯಿಲ್ ತುಂಬಿದ. ಡಬ್ಬದ ಮೇಲಿದ್ದ ‘ಜಾಸೊ ಎಂ.ಎ.’ ಎಂಬ ಗುರುತನ್ನು ತೋರಿಸಿದ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿಗೆ ಅದು ಸರಿಹೊಂದುತ್ತದೆ ಎಂಬ ಗುರುತು. ಬೆಲೆ, ಹುಡುಗ ತಂದದ್ದಕ್ಕಿಂತ ಎಷ್ಟೋ ಕಡಿಮೆ.

ಆದರೆ ಜಾವಾ ಕೇಳುವುದು ಎರಡು ಎಣ್ಣೆ. ಇನ್ನೊಂದು ಪೆಟ್ರೋಲಿಗೇ ಬೆರೆಸುವ ಟೂ-ಸ್ಟ್ರೋಕ್ ಆಯಿಲ್. 2018ರಲ್ಲಿ ಬಂದ ಹೊಸ ಜಾವಾ ಫೋರ್-ಸ್ಟ್ರೋಕ್; ಅದರ ಎಂಜಿನ್ನಿನೊಳಗೆ ಎಣ್ಣೆ ನಿಂತಿದ್ದು ಸುತ್ತುತ್ತಿರುತ್ತದೆ. ಹಳೆಯದರ ಪಿಸ್ಟನ್ನಿಗೆ ಆ ಭಾಗ್ಯವಿಲ್ಲ. ಪೆಟ್ರೋಲ್ ಹೊತ್ತು ತಂದ ಎಣ್ಣೆಯೇ ಅದರ ಪಾಲಿನ ಅನ್ನ. ಕೊನೆಗೆ ಆ ಎಣ್ಣೆಯೂ ಉರಿದುಹೋಗುತ್ತದೆ. ಆದ್ದರಿಂದ ಬೂದಿ ಉಳಿಸದೆ ಉರಿಯುವಂಥದೇ ಬೇಕು. ಫೋರ್-ಸ್ಟ್ರೋಕ್ ಎಣ್ಣೆಯನ್ನು ಇಲ್ಲಿ ಬೆರೆಸಿದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಹೊಗೆ ಕಡಿಮೆ ಕೊಡುವ ‘ಜಾಸೊ ಎಫ್.ಸಿ.’ ಗುರುತಿನ ಆಯಿಲ್ ಈಗ ಸಿಗುತ್ತದೆ. ಮೇಷ್ಟ್ರು ಅದನ್ನು ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಲೋಟದಲ್ಲಿ ಅಳೆದು, ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಬೆರೆಸುತ್ತಾರೆ. ಅಂದರೆ 25 ಪಾಲಿಗೆ ಒಂದು ಪಾಲು.

ಶನಿವಾರ ಸಂಜೆ ಮೊಮ್ಮಗ ಲೋಟ ಹಿಡಿದು ಕೇಳಿದ: “ತಾತ, 20 ಸಾಕಲ್ವಾ? ಹೊಗೆ ಬರಲ್ಲ, ಎಣ್ಣೆನೂ ಉಳಿಯತ್ತೆ.”

ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿಮ್ಮಮ್ಮನ ಮೊಣಕೈ ಮೇಲೆ ಒಂದು ಗಾಯದ ಗುರುತಿದೆ, ನೋಡಿದೀಯಾ?” ಎಂದರು.

1990ರ ಮಾತು. ಮಗಳು ಪಿ.ಯು.ಸಿ. ಓದುತ್ತಿದ್ದಳು. ಮೇಷ್ಟ್ರ ಸಂಬಳ ಇಪ್ಪತ್ತನೆಯ ತಾರೀಖಿಗೇ ಮುಗಿಯುತ್ತಿತ್ತು. ಫೀಸು ಹೊಂದಿಸಲು ಅವರು ಬೆಳಗಿನ ಹೋಟೆಲ್ ಕಾಫಿ ಬಿಟ್ಟರು, ಪತ್ರಿಕೆ ನಿಲ್ಲಿಸಿದರು, ಕೊನೆಗೆ ಜಾವಾದ ಎಣ್ಣೆಗೂ ಕೈ ಹಾಕಿದರು. 40 ಇದ್ದದ್ದು 20 ಆಯಿತು. ಗಾಡಿ ಓಡಿತು. 10 ಆಯಿತು. ಆಗಲೂ ಓಡಿತು. ಓಡಿದ್ದೇ ಮೋಸವಾಯಿತು. ಒಂದು ಮಧ್ಯಾಹ್ನ ಮಗಳನ್ನು ಹಿಂದೆ ಕೂರಿಸಿಕೊಂಡು ಹುಣಸೂರಿನ ಕಡೆ ಹೊರಟಾಗ, ಇಲವಾಲ ದಾಟಿದ ಮೇಲೆ, ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿನೊಳಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ತಟ್ಟನೆ ನಿಂತಿತು. ಕ್ಲಚ್ ಹಿಡಿಯುವಷ್ಟರಲ್ಲಿ ಇಬ್ಬರೂ ರಸ್ತೆಯ ಮೇಲಿದ್ದರು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದು ಪುಣ್ಯ.

ಮನೆಯಲ್ಲಿ ಅವರು ಹೇಳಿದ್ದು, ಚಕ್ರಕ್ಕೆ ಕಲ್ಲು ಸಿಕ್ಕಿತೆಂದು. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಸಾಲ ಮಾಡಿದರು. ಅದು ಉಳಿಸಿದ ಎಣ್ಣೆಯ ದುಡ್ಡಿಗಿಂತ ಎಷ್ಟೋ ಪಾಲು ಹೆಚ್ಚು. ಅಂದಿನಿಂದ ಆ ಲೋಟ ಗಾಡಿಯ ಟೂಲ್‌ಬಾಕ್ಸ್ ಬಿಟ್ಟು ಹೋಗಿಲ್ಲ.

“ನೀನು ಪ್ರೀತಿಯಿಂದ ಜಾಸ್ತಿ ಬೆಲೆಯದು ಹಾಕಿದೆ. ನಾನೂ ಪ್ರೀತಿಯಿಂದಲೇ ಕಡಿಮೆ ಹಾಕಿದೆ. ಅದಕ್ಕೇನು ಬೇಕು ಅಂತ ಇಬ್ಬರೂ ಕೇಳಲಿಲ್ಲ” ಎಂದರು ಮೇಷ್ಟ್ರು.

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದ ಮಗಳು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಮೇಷ್ಟ್ರು ತಲೆ ಎತ್ತಲಿಲ್ಲ.

“ಹಾಗಾದ್ರೆ ಆ ವರ್ಷ ನನ್ನ ಫೀಸು ಕಟ್ಟಿದ್ದು ಜಾವಾ ಅನ್ನಿ” ಎಂದು ಆಕೆ ತಟ್ಟೆಯನ್ನು ಕೆಳಗಿಟ್ಟು, ಮಗನ ಕೈಯಿಂದ ಲೋಟ ತೆಗೆದುಕೊಂಡಳು. ಬೆಳಕಿಗೆ ಹಿಡಿದು, ಗೆರೆ ನೋಡಿ, ಲೀಟರಿಗೆ 40ರಂತೆ ಅಳೆದು ತಾನೇ ಸುರಿದಳು.