ಡ್ರೈವರ್ ಅಪ್ಪನ ಹಳೇ ಬೈಕು

ನಿವೃತ್ತಿ ಆದಮೇಲೆ ಬೈಕಿನಲ್ಲಿ ಊರು ಸುತ್ತುತ್ತೇನೆ ಅಂದವರಿಗೆ ನಮ್ಮ ಕಡೆ ಎರಡು ಉತ್ತರ ಸಿಗುತ್ತವೆ. ಒಂದು, ‘ಈ ವಯಸ್ಸಲ್ಲಿ ಯಾಕೆ ಬೇಕು?’ ಇನ್ನೊಂದು, ‘ತಗೊಳ್ಳೋದಾದ್ರೆ ಬುಲೆಟ್ಟೇ ತಗೊಳ್ಳಿ.’ ನಮ್ಮಪ್ಪನಿಗೆ ಎರಡೂ ಸಿಕ್ಕವು. ಎರಡನ್ನೂ ಸುಮ್ಮನೆ ಕೇಳಿಸಿಕೊಂಡ ಅಪ್ಪ, 2013ನೇ ಮಾಡೆಲ್ಲಿನ ಒಂದು ಸ್ಪ್ಲೆಂಡರ್ ಅನ್ನು 28 ಸಾವಿರ ಕೊಟ್ಟು ಮನೆಗೆ ತಂದರು.

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದವರು. ಅದರಲ್ಲಿ ಹೆಚ್ಚಿನ ವರ್ಷ ಹಾಸನ–ಮಂಗಳೂರು ರೂಟು. ‘ಇಷ್ಟೆಲ್ಲ ಸುತ್ತಿದ್ದೀರಲ್ಲ, ಇನ್ನೂ ಏನು ನೋಡಬೇಕು?’ ಎಂದು ನೆಂಟರು ಕೇಳುತ್ತಾರೆ. ಸಕಲೇಶಪುರ ದಾಟಿದ ಕೂಡಲೇ ಹೆದ್ದಾರಿ ಪಕ್ಕದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿ ಮುಗಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಅಪ್ಪ ಅದರ ಬೋರ್ಡಿನ ಮುಂದೆ ಸಾವಿರಾರು ಸಲ ಹಾದುಹೋಗಿದ್ದಾರೆ, ಒಂದು ಸಲವೂ ಹತ್ತಿಲ್ಲ. ಬಸ್ಸು ನಿಲ್ಲುವುದು ಸ್ಟಾಪಿನಲ್ಲಿ, ಡ್ರೈವರಿಗೆ ಬೇಕಾದ ಕಡೆ ಅಲ್ಲ. ಹಾಗಾಗಿ ಅವರು ಕೊಂಡದ್ದು ಓಡುವ ಗಾಡಿ ಅಲ್ಲ, ನಿಲ್ಲಿಸಬಹುದಾದ ಗಾಡಿ ಎಂದು ನನಗೆ ಅನ್ನಿಸುತ್ತದೆ.

ಬೇಡ ಅಂದವರಲ್ಲಿ ನಾನೂ ಒಬ್ಬಳು. ಜಿಲ್ಲಾ ಪುಟಕ್ಕೆ ಅಪಘಾತದ ಸುದ್ದಿ ಬರೆಯುವವಳು ನಾನು. ‘ಬೈಕ್ ಸವಾರ ಸ್ಥಳದಲ್ಲೇ ಸಾವು’ ಎಂಬ ತಲೆಬರಹ ಎಷ್ಟು ಸಲ ಟೈಪಿಸಿದ್ದೇನೋ ಲೆಕ್ಕವಿಲ್ಲ. 2019ರ ಏಪ್ರಿಲ್‌ನಿಂದ ಸಣ್ಣ ಬೈಕುಗಳಿಗೂ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಬೀಳುವ ವ್ಯವಸ್ಥೆ ಕಡ್ಡಾಯವಾಗಿದೆ, ಹಳೇ ಗಾಡಿಯಲ್ಲಿ ಅದು ಇಲ್ಲ, ಹೊಸದೇ ತಗೊಳ್ಳಿ ಎಂದೆ. ನಿವೃತ್ತಿಯ ಹಣದಲ್ಲಿ ಮನೆ ಸಾಲ ತೀರಿಸಿ ಉಳಿದದ್ದೆಷ್ಟು ಎಂದು ಅಪ್ಪ ಪಾಸ್‌ಬುಕ್ ತೋರಿಸಿದರು.

ಸಣ್ಣ ಬೈಕೇ ಯಾಕೆ ಅನ್ನುವುದಕ್ಕೂ ಅವರಲ್ಲಿ ಲೆಕ್ಕವಿತ್ತು. ಸ್ಪ್ಲೆಂಡರ್ ಸುಮಾರು 110 ಕೆ.ಜಿ. ತೂಗುತ್ತದೆ, ಬುಲೆಟ್ 190ರ ಆಸುಪಾಸು. ಗಾಡಿ ಒಂದು ಕಡೆ ವಾಲಿದರೆ ಅರವತ್ತು ದಾಟಿದ ಮಂಡಿ ಯಾವುದನ್ನು ತಡೆದೀತು? 2020ರ ನಂತರದ ಗಾಡಿಗಳಲ್ಲಿ ಪೆಟ್ರೋಲ್ ಪೂರೈಕೆಗೆ ಸೆನ್ಸರ್, ಕಂಪ್ಯೂಟರ್ ಇರುತ್ತವೆ. ಇದರಲ್ಲಿ ಇರುವುದು ಕಾರ್ಬೊರೇಟರ್. ಕಸ ಕಟ್ಟಿಕೊಂಡರೆ ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ತೊಳೆದುಕೊಡುತ್ತಾನೆ.

ಹುಡುಕಾಟಕ್ಕೆ ನಾನೂ ಜೊತೆಗಿದ್ದೆ. ಮೊದಲು ಹೋದದ್ದು ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಒಂದು ಅಂಗಡಿಗೆ. ಅಪ್ಪ ಕೀ ಕೇಳುವ ಮೊದಲು ಎಂಜಿನ್ ಹತ್ತಿರ ಅಂಗೈ ಹಿಡಿದರು. ಬಿಸಿ ಇತ್ತು. ವಾಪಸ್ ಹೊರಟರು. ‘ನಾವು ಬರ್ತೀವಿ ಅಂತ ಗೊತ್ತಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಕಣವ್ವ. ಗಾಡಿ ನಿಜ ಹೇಳೋದು ತಣ್ಣಗಿದ್ದಾಗ ಮಾತ್ರ.’ ಎರಡನೆಯದು ನೀಲಿ ಹೊಗೆ ಬಿಟ್ಟಿತು. ಎಂಜಿನ್ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ. ಮೂರನೆಯದು ನೋಡಲು ಚೆನ್ನಾಗಿತ್ತು, ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಹಾಗೇ ಇತ್ತು. ಅದು ತೆಗೆಸದೆ ಗಾಡಿ ನಮ್ಮ ಹೆಸರಿಗೆ ಆಗುವುದಿಲ್ಲ.

ನಾಲ್ಕನೆಯದು ಆಲೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು. ಒಬ್ಬರೇ ಓಡಿಸಿದ ಗಾಡಿ. ತಣ್ಣಗಿದ್ದ ಎಂಜಿನ್ ಎರಡನೇ ಕಿಕ್ಕಿಗೆ ಎದ್ದಿತು. ಹ್ಯಾಂಡಲ್ ಕೆಳಗಿನ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿದೆವು. ಟೈರಿನ ಪಕ್ಕದಲ್ಲಿ 0816 ಎಂದಿತ್ತು, ಅಂದರೆ 2016ರ ಎಂಟನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ ಎಂದು ಅಪ್ಪ ಎರಡೂ ಟೈರ್ ಬದಲಿಸಿದರು. ಚೈನ್, ಬ್ರೇಕ್ ಶೂ ಎಲ್ಲ ಸೇರಿ ಇನ್ನೂ ಆರು ಸಾವಿರ ಚಿಲ್ಲರೆ ಹೋಯಿತು. 29 ಮತ್ತು 30ನೇ ನಮೂನೆಗೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಲಿಲ್ಲ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಬೇಕು, ಅದನ್ನೂ ಹಾಕಿದರು.

ನನ್ನ ಭಯಕ್ಕೆ ಅಪ್ಪ ಒಪ್ಪಿದ್ದು ಮೂರು ಷರತ್ತು. ಕತ್ತಲಾದ ಮೇಲೆ ಓಡಿಸುವುದಿಲ್ಲ. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ದಾಟುವುದಿಲ್ಲ. ಮಳೆಗಾಲದಲ್ಲಿ ಘಾಟಿ ಇಳಿಯುವುದಿಲ್ಲ. ಹಿಂದೆ ಕೂರುವ ಅಮ್ಮನಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಬಂತು. ‘ನೀನಾದರೂ ಬೇಡ ಅನ್ನಬಾರದಿತ್ತಾ?’ ಎಂದು ಅಮ್ಮನನ್ನು ಕೇಳಿದೆ. ‘ಇವರ ಬಸ್ಸಲ್ಲಿ ಒಂದೇ ಒಂದು ಸಲ ಹೋಗಿದ್ದೆ. ಅವತ್ತೂ ಮಾತಾಡೋಕಾಗಲಿಲ್ಲ. ಚಾಲಕರ ಜೊತೆ ಮಾತಾಡಬೇಡಿ ಅಂತ ಬರೆದಿತ್ತಲ್ಲ’ ಅಂದರು. ಆಮೇಲೆ ನಾನು ಏನೂ ಕೇಳಲಿಲ್ಲ.

ಈವರೆಗೆ ಅವರು ಹೋಗಿರುವುದು ದೂರದ ಊರುಗಳಿಗಲ್ಲ. ಮೊಸಳೆಯ ಜೋಡಿ ದೇವಸ್ಥಾನ, ದೊಡ್ಡಗದ್ದವಳ್ಳಿ, ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಶೆಟ್ಟಿಹಳ್ಳಿಯ ಚರ್ಚು. ಮಂಜರಾಬಾದ್‌ನ ಇನ್ನೂರಕ್ಕೂ ಹೆಚ್ಚು ಮೆಟ್ಟಿಲನ್ನು ಅಪ್ಪ ಮೂರು ಕಡೆ ಕೂತು ಹತ್ತಿದರಂತೆ. ಮೇಲಿಂದ ಹೆದ್ದಾರಿ ಕಾಣುತ್ತದೆ. ಕೆಳಗೆ ಹೋಗುವ ಬಸ್ಸುಗಳನ್ನು ಎಣಿಸುತ್ತ ಕೂತಿದ್ದರು ಎಂದು ಅಮ್ಮ ಹೇಳಿದರು.

ಆರ್‌ಸಿ ಅವಧಿ ಹದಿನೈದು ವರ್ಷ. ಅದು 2028ಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿದರೆ ಐದೈದು ವರ್ಷಕ್ಕೆ ಮುಂದುವರಿಸುತ್ತಾರೆ. ಅಪ್ಪನ ವಯಸ್ಸಿಗೆ ಲೈಸೆನ್ಸೂ ಅಷ್ಟೇ, ಐದೈದು ವರ್ಷ, ಡಾಕ್ಟರ ಸರ್ಟಿಫಿಕೇಟು ಬೇಕು. ‘ಗಾಡಿಗೂ ನಂಗೂ ಒಂದೇ ರೂಲ್ಸು’ ಎಂದು ಅಪ್ಪ ನಗುತ್ತಾರೆ. ಯಾವುದು ಮೊದಲು ಫೇಲಾಗುತ್ತದೋ ಎಂಬ ಯೋಚನೆ ನನಗಿದೆ, ಅವರಿಗೂ ಇರಬೇಕು. ಅದಕ್ಕೇ ಇರಬೇಕು, ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದಿಟ್ಟ ಊರುಗಳ ಪಟ್ಟಿಯಲ್ಲಿ ಹತ್ತಿರದವು ಮೇಲಿವೆ, ದೂರದವು ಕೆಳಗಿವೆ.