ಎರಡು ಕಿಲೋಮೀಟರ್ ರಾಡಿಗೊಂದು ಗಾಡಿ

ನಮ್ಮ ಕಡೆ ಯಾರ ಮುಂದಾದರೂ "ಒಂದು ಫೋರ್ ವೀಲ್ ಗಾಡಿ ಬೇಕು, ಸೆಕೆಂಡ್ ಹ್ಯಾಂಡ್ ಇದ್ರ ಹೇಳ್ರಿ" ಅಂತ ಅಂದು ನೋಡಿ. ಮರುದಿನವೇ ನಾಲ್ಕು ಫೋನ್ ಬರುತ್ತವೆ. "ಆಲ್ಟೊ ಅದ ನೋಡ್ರಿ, ಸಿಂಗಲ್ ಓನರ್, ಮಾಸ್ತರ್ ಹೊಡ್ದ ಗಾಡಿ." ನಾಲ್ಕು ಗಾಲಿ ಇದ್ದದ್ದೆಲ್ಲ ಫೋರ್ ವೀಲರ್ ತಾನೆ? ಹಂಗಲ್ಲ, ಎಂಜಿನ್ ತಾಕತ್ತು ನಾಲ್ಕೂ ಗಾಲಿಗೆ ಹೋಗೋ ಗಾಡಿ ಅಂತ ಬಿಡಿಸಿ ಹೇಳಿದರೆ ಆ ಕಡೆಯವರು ತುಸು ಹೊತ್ತು ಸುಮ್ಮನಾಗಿ, "ಅಂದ್ರ ಮಿಲಿಟರಿ ಗಾಡಿ ಏನ್ರಿ?" ಅಂತ ಕೇಳುತ್ತಾರೆ. 2023ರ ಜನವರಿಯಿಂದ ಏಪ್ರಿಲ್‌ವರೆಗೆ ಈ ಮಾತಿಗೆ ನಾನು ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕವಿಲ್ಲ.

ಹಿರೋಳ್ಳಿ ಇರೋದು ಆಳಂದ ತಾಲೂಕಿನ ತುದಿಯಲ್ಲಿ. ಚೆಕ್‌ಪೋಸ್ಟ್ ದಾಟಿದರೆ ಮಹಾರಾಷ್ಟ್ರ. ವಾಗ್ದರಿ, ಅಕ್ಕಲಕೋಟ, ಆಮೇಲೆ ಸೊಲ್ಲಾಪುರ. ದೊಡ್ಡ ದವಾಖಾನೆ, ಮದುವೆ ಬಟ್ಟೆ, ಗಾಡಿ ಸಾಮಾನು ಯಾವುದಕ್ಕಾದರೂ ನಮ್ಮ ಮಂದಿ ಸೊಲ್ಲಾಪುರಕ್ಕೇ ಹೋಗೋದು. ನಮ್ಮ ಮನೆ ಊರೊಳಗಿಲ್ಲ, ಹೊಲದಲ್ಲಿದೆ. ಡಾಂಬರ್ ರಸ್ತೆಯಿಂದ ಎರಡು ಕಿಲೋಮೀಟರ್ ಬಂಡಿ ಹಾದಿ, ಅಪ್ಪಟ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಲಸಿದ ಹಿಟ್ಟಿನಂತೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ತೊಗರಿಗೆ ಇದಕ್ಕಿಂತ ಛಲೋ ಮಣ್ಣಿಲ್ಲ, ಗಾಲಿಗೆ ಇದಕ್ಕಿಂತ ಕೆಟ್ಟ ಮಣ್ಣೂ ಇಲ್ಲ.

ಇಷ್ಟು ವರ್ಷ ಇದೊಂದು ದೊಡ್ಡ ಸಂಗತಿ ಅಂತ ನಮಗೆ ಅನ್ನಿಸಿರಲಿಲ್ಲ. ಮಳೆಗಾಲದಲ್ಲಿ ಬೈಕ್ ಊರಲ್ಲೇ ಕಾಕಾನ ಮನೆಯಲ್ಲಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದೆವು. 2022ರಲ್ಲಿ ಅಪ್ಪನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸೊಲ್ಲಾಪುರದಲ್ಲಿ ಡಯಾಲಿಸಿಸ್ ಶುರುವಾಯಿತು. ಒಂದು ಸಲ ಕುಳಿತರೆ ನಾಲ್ಕು ತಾಸು. ಆ ವರ್ಷದ ಮಳೆಗಾಲದಲ್ಲಿ ಅಪ್ಪನನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಸಿಗೆ ಹಾಕಿ ಮಲಗಿಸಿ, ಮೇಲೆ ತಾಡಪತ್ರಿ ಹೊದಿಸಿ ಡಾಂಬರ್ ರಸ್ತೆವರೆಗೆ ತರುತ್ತಿದ್ದೆವು. ಅಲ್ಲಿಂದ ಬಾಡಿಗೆ ಕ್ರೂಸರ್. ಒಂದು ಶುಕ್ರವಾರ ಹಳ್ಳ ತುಂಬಿತು, ಹೋಗಲಿಕ್ಕಾಗಲಿಲ್ಲ. ಶನಿವಾರವೂ ಆಗಲಿಲ್ಲ. ರವಿವಾರ ಮುಂಜಾನೆ ಹೊತ್ತಿಗೆ ಅಪ್ಪನ ಮುಖ, ಕಾಲು ಊದಿಕೊಂಡು, ಮಲಗಿದರೆ ಉಸಿರಾಡೋದು ಕಷ್ಟವಾಗಿ, ಗೋಡೆಗೆ ಆತುಕೊಂಡು ಕೂತಿದ್ದರು. ಅವತ್ತು ಮಧ್ಯಾಹ್ನ ಹಳ್ಳ ಇಳಿಯಿತು, ಉಳಿದುಕೊಂಡರು. ಅಣ್ಣ ಆ ವರ್ಷದ ತೊಗರಿ ಮಾರಿದ ದುಡ್ಡು ಮುಟ್ಟಲೇ ಇಲ್ಲ. "ಗಾಡಿ ತಗೊಳ್ಳೋಣು. ನೀ ನೋಡು, ನೀ ಓದಿದವ" ಅಂದ. ಪತ್ರಿಕೋದ್ಯಮ ಓದಿದವನಿಗೆ ಗೇರ್‌ಬಾಕ್ಸ್ ಬಗ್ಗೆ ಏನು ಗೊತ್ತಿರುತ್ತದೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ಮಂದಿಯನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳೋದು ಮಾತ್ರ ನಮಗೆ ಬರುವ ವಿದ್ಯೆ. ಅದನ್ನೇ ಮಾಡಿದೆ.

ಮೊದಲು ಹೋದದ್ದು ಆಳಂದದ ಒಬ್ಬ ಮಿಸ್ತ್ರಿ ಚಾಚಾನ ಹತ್ತಿರ. ಕಮಾಂಡರ್ ಜೀಪಿನ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಫೋರ್ ವೀಲ್ ಡ್ರೈವ್ ಏನು ಮಾಡುತ್ತದೆ ಅನ್ನೋದನ್ನು ಅವರಷ್ಟು ಸರಳವಾಗಿ ಯಾವ ವಿಡಿಯೋದಲ್ಲೂ ನಾನು ನೋಡಿಲ್ಲ. "ತಮ್ಮಾ, ಸಾದಾ ಗಾಡಿ ರಾಡಿಯೊಳಗ ಸಿಕ್ಕರ ಯಾವ ಗಾಲಿ ಜಾರ್ತದೋ ಅದೇ ತಿರಗ್ತದ, ಗಟ್ಟಿ ನೆಲದ ಮ್ಯಾಗ ಇರೋ ಗಾಲಿ ಸುಮ್ಮ ಕೂಡ್ತದ. ಸಂಸಾರ ಇದ್ದಂಗ. ಫೋರ್ ವೀಲ್ ಹಾಕಿದ್ರ ಮುಂದಿನವೂ ಎಳೀತಾವ. ಆದ್ರ ಒಂದು ತಿಳ್ಕೋ, ನಾಲ್ಕೂ ಜಾರಿದ್ರ ನಾಲ್ಕೂ ಜಾರ್ದಂಗೇ."

ಎರೆ ಮಣ್ಣಿನ ಕಥೆಯೇ ಈ ಕೊನೆಯ ಮಾತಿನಲ್ಲಿದೆ. ಟೈರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡರೆ ಹತ್ತು ಮಾರು ಹೋಗೋದರೊಳಗೆ ಹೊಸ ಟೈರೂ ಬೋಳು ಟೈರೇ. ಮೊದಲ ಮಳೆಗೆ ಮೇಲಿನ ನಾಲ್ಕು ಬೆರಳು ಮಾತ್ರ ನೆನೆದಿರುತ್ತದೆ, ಕೆಳಗೆ ಗಟ್ಟಿ ನೆಲ ಇರುತ್ತದೆ. ಅಗಲ ಕಡಿಮೆ ಇರುವ ಟೈರ್ ರಾಡಿಯನ್ನು ಕೊಯ್ದು ಆ ಗಟ್ಟಿ ನೆಲ ಹಿಡಿಯುತ್ತದೆ. ವಾರಗಟ್ಟಲೆ ಜಿಟಿಜಿಟಿ ಹಿಡಿದರೆ ಕೆಳಗೂ ಗಟ್ಟಿ ಇಲ್ಲ. ಆಗ ಬೇಕಾಗೋದು ಹಗುರ ಗಾಡಿ, ಇಲ್ಲವೇ ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರದ ಗಾಡಿ. ನಮ್ಮ ಹಾದಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಬಿದ್ದ ಗಾಲಿ ಜಾಡನ್ನು ಅಳೆದು ನೋಡಿದೆ. ಹೆಚ್ಚುಕಡಿಮೆ ಒಂದು ಗೇಣು ಆಳ. ಗೇಣು ಅಂದರೆ ಒಂಬತ್ತು ಇಂಚು, ಅಂದಾಜು 230 ಮಿಲಿಮೀಟರ್. ಜಾಡಿನಲ್ಲಿ ಗಾಲಿ ಇಳಿಸಿದರೆ ನಡುವಿನ ದಿಬ್ಬಕ್ಕೆ ಗಾಡಿಯ ಹೊಟ್ಟೆ ಆತು, ಗಾಲಿ ನಾಲ್ಕಲ್ಲ ಎಂಟಿದ್ದರೂ ಗಾಳಿಯಲ್ಲೇ ತಿರುಗಬೇಕು. ಜಿಪ್ಸಿ ನೆಲದಿಂದ 210 ಮಿಲಿಮೀಟರ್ ಎತ್ತರ, ಸಫಾರಿ 205, ಸ್ಕಾರ್ಪಿಯೊ 180. ಜಾಹೀರಾತಿನಲ್ಲಿ ಎಲ್ಲರೂ ಹಾರ್ಸ್‌ಪವರ್ ಹೇಳುತ್ತಾರೆ. ನಾನು ಈ ಮೂರು ಅಂಕಿ ಹಿಡಿದುಕೊಂಡು ತಿರುಗಿದೆ.

ಮನಸ್ಸಿಗೆ ಬಂದದ್ದು ಮಾತ್ರ ಜಿಪ್ಸಿ. ಸುಳ್ಳು ಯಾಕೆ ಹೇಳಲಿ? 1985ರಲ್ಲಿ ಬಂದ ಗಾಡಿ, ಮೂವತ್ತು ವರ್ಷ ಮೈಕಟ್ಟು ಬದಲಿಸದೆ ಸೇನೆ, ಪೊಲೀಸ್, ಅರಣ್ಯ ಇಲಾಖೆ ಎಲ್ಲರ ಹತ್ತಿರವೂ ದುಡಿಯಿತು. ತೂಕ ಒಂದು ಟನ್ನಿನ ಆಸುಪಾಸು, ರಾಡಿಯ ಮೇಲೆ ಆಡಿನ ಮರಿಯಂತೆ ಹೋಗುತ್ತದೆ. 2017ರಲ್ಲಿ ಸೇನೆ ಅದರ ಬದಲಿಗೆ 3,192 ಸಫಾರಿ ಸ್ಟಾರ್ಮ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು ಅಂತ ಓದಿದಾಗ ಯಾರೋ ಹಳೇ ಗೆಳೆಯ ನಿವೃತ್ತನಾದ ಹಾಗೆ ಅನ್ನಿಸಿತ್ತು. ಸೊಲ್ಲಾಪುರದಲ್ಲಿ ಒಂದು ಜಿಪ್ಸಿ ಸಿಕ್ಕಿತು ಕೂಡ. ಹಸಿರು ಬಣ್ಣ, ಹೊಸ ಹುಡ್, ಬೆಲೆ ಜೇಬಿಗೆ ಎಟಕುವಂಥದ್ದು. ನಾನು ಓಡಿಸಿದೆ, ಅಣ್ಣ ಓಡಿಸಿದ, ಇಬ್ಬರೂ ಹುಡುಗರಂತೆ ನಕ್ಕೆವು. ಆಮೇಲೆ ಅಣ್ಣ ಹಿಂದಿನ ಬಾಗಿಲು ತೆಗೆದು, ಎದುರು ಬದುರು ಇರುವ ಆ ಬೆಂಚಿನ ಮೇಲೆ ಕೂತ. "ನೀ ಹೊಡಿ, ಸ್ಪೀಡ್ ಬ್ರೇಕರ್ ಮ್ಯಾಲಿಂದ ಹೊಡಿ" ಅಂದ. ನಾಲ್ಕೂ ಕಡೆ ಕಮಾನ್ ಪಟ್ಟಿಯ ಸಸ್ಪೆನ್ಷನ್. ಎರಡು ಸಲ ತಲೆ ಮೇಲೆ ಬಡಿಸಿಕೊಂಡು ಇಳಿದು ಬಂದವನು ಇಷ್ಟೇ ಅಂದ: "ಅಪ್ಪಗ ಆಗಂಗಿಲ್ಲ."

ಆ ಮಾತಿನಿಂದ ಲೆಕ್ಕವೇ ಬದಲಾಯಿತು. ರಾಡಿ ಇರೋದು ಎರಡು ಕಿಲೋಮೀಟರ್, ಅದೂ ವರ್ಷದಲ್ಲಿ ಮೂರು-ನಾಲ್ಕು ತಿಂಗಳು. ಉಳಿದದ್ದೆಲ್ಲ ಡಾಂಬರ್. ಡಯಾಲಿಸಿಸ್ ಮುಗಿಸಿದ ಮನುಷ್ಯನಿಗೆ ಬಿಪಿ ಇಳಿದಿರುತ್ತದೆ, ಕಾಲು ಸೆಳೆಯುತ್ತದೆ, ವಾಂತಿ ಬರುತ್ತದೆ; ಸೂಜಿ ಚುಚ್ಚಿದ ಕೈ ಎಲ್ಲಿಗೂ ಬಡಿಯಬಾರದು. ರಾಡಿ ದಾಟಿಸಲಿಕ್ಕೆ ಆರಿಸಿದ ಗಾಡಿಯಲ್ಲೇ ಅಷ್ಟು ದೂರ ಅಪ್ಪ ಮಲಗಿಕೊಂಡು ಬರಬೇಕು. 2010ರಲ್ಲಿ ಬಂದ ಥಾರ್ ಈ ಕಾರಣಕ್ಕೇ ಪಟ್ಟಿಯಿಂದ ಹೋಯಿತು. ಅದರಲ್ಲೂ ಹಿಂದೆ ಅಡ್ಡ ಬೆಂಚು. 2015ರ ನಂತರದ ಥಾರ್‌ಗೆ ಹಿಂದಿನ ಡಿಫರೆನ್ಷಿಯಲ್ ತಾನೇ ಲಾಕ್ ಆಗುವ ವ್ಯವಸ್ಥೆಯಿದೆ, ಮಿಸ್ತ್ರಿ ಚಾಚಾ ಹೇಳಿದ ಸಂಸಾರದ ಜಗಳಕ್ಕೆ ಅದೇ ಔಷಧಿ. ಆದರೆ ಅಪ್ಪ ಗಾಡಿಯೊಳಗೆ ಉದ್ದಕ್ಕೆ ಕಾಲು ಚಾಚಬೇಕಲ್ಲ. 2020ರ ಹೊಸ ಥಾರ್ ಬೆಲೆ ಕೇಳುವ ಧೈರ್ಯ ನಮಗಿರಲಿಲ್ಲ.

ಉಳಿದದ್ದು ಮೂರು: ಬೊಲೆರೊ, ಸ್ಕಾರ್ಪಿಯೊ, ಸಫಾರಿ. ಮೂರರಲ್ಲೂ ಫೋರ್ ಬೈ ಫೋರ್ ಬಂದಿದ್ದವು, ಆದರೆ ಕೊಂಡವರು ಕಡಿಮೆ. ಹಾಗಾಗಿ ನೂರು ಗಾಡಿಯಲ್ಲಿ ಒಂದು ಹುಡುಕಬೇಕು. ಹುಡುಕುವಾಗ ಕಲಿತ ಒಂದೆರಡು ಸಂಗತಿ ನಿಮಗೂ ಬೇಕಾದೀತು. ಹಿಂದಿನ ಬಾಗಿಲ ಮೇಲಿನ '4x4' ಸ್ಟಿಕ್ಕರ್ ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತದೆ. ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ಜೊತೆ ಏನು ಬರೆದಿದೆ ನೋಡಿ. ಆಮೇಲೆ ಬಟ್ಟೆ ಕೊಳೆಯಾದರೂ ಚಿಂತೆಯಿಲ್ಲ, ಗಾಡಿ ಕೆಳಗೆ ಮಲಗಿ ನೋಡಿ. ನಾವು ನೋಡಿದ ಒಂದು ಗಾಡಿಯಲ್ಲಿ ಲಿವರ್ ಇತ್ತು, ಮುಂದಿನ ಹೌಸಿಂಗ್ ಇತ್ತು, ನಡುವಿನ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ! ಮೈಲೇಜ್ ಬರಲಿ ಅಂತ ಬಿಚ್ಚಿ ಮೂಲೆಗೆ ಹಾಕಿದ್ದರಂತೆ, ಮನೆ ಕಟ್ಟುವಾಗ ಮೋಡ್ಕಾದವನಿಗೆ ಹೋಯಿತಂತೆ. ಇನ್ನೊಂದು ಗಾಡಿಯ ಮಾಲೀಕರು ಬಲು ಹೆಮ್ಮೆಯಿಂದ, "ಹತ್ತು ವರ್ಷದಾಗ ಒಂದು ಸಲಾನೂ ಫೋರ್ ವೀಲ್ ಹಾಕಿಲ್ರಿ" ಅಂದರು. ಕೇಳಲಿಕ್ಕೆ ಛಲೋ. ಆದರೆ ಹತ್ತು ವರ್ಷ ಅಲುಗಾಡದ ಗೇರು ಜಾಮ್ ಆಗಿರುತ್ತದೆ, ಎಣ್ಣೆ ಗಟ್ಟಿಯಾಗಿರುತ್ತದೆ. ತಿಂಗಳಿಗೊಮ್ಮೆಯಾದರೂ ಹೊಲದಲ್ಲಿ ಹಾಕಿ ನಾಲ್ಕು ಹೆಜ್ಜೆ ಓಡಿಸಿದ ಗಾಡಿಯೇ ಬೇಕು. ಹಾಗಂತ ಒಣ ಡಾಂಬರ್ ಮೇಲೆ ಹಾಕಿ ಪರೀಕ್ಷೆ ಮಾಡಬೇಡಿ. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ದೂರ ಓಡಬೇಕು. ಈ ಗಾಡಿಗಳಲ್ಲಿ ಎರಡನ್ನೂ ಬಿಗಿದು ಕಟ್ಟಿದ ಹಾಗಾಗಿ, ಗೇರಿನ ಮೇಲೆ ತಿರುಚು ಬೀಳುತ್ತದೆ. ರಾಡಿಯಲ್ಲಾದರೆ ಗಾಲಿ ತುಸು ಜಾರಿ ಸರಿಹೋಗುತ್ತದೆ.

ಮಿಸ್ತ್ರಿ ಚಾಚಾನ ಓಟು ಬೊಲೆರೊಗೆ. "ಆಳಂದದಾಗ ಸಾಮಾನು ಸಿಗ್ತದ, ನಾ ಇಲ್ಲಂದ್ರ ನನ್ನ ಮಗ ಬಿಚ್ತಾನ." ಹಳ್ಳಿಯಲ್ಲಿ ಗಾಡಿ ಆರಿಸೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ, ನಾನೂ ಒಪ್ಪಿದ್ದೆ. ಆದರೆ ಅವ್ವ ಒಂದು ಮಾತು ಹೇಳಿದಳು: "ಅಪ್ಪನ್ನ ಕೂಡಿಸಿ ನೋಡ್ರಿ. ಮೈ ಅವರದು." ಮಾರ್ಚಿನಲ್ಲಿ ಒಂದು ಶುಕ್ರವಾರ ಸೊಲ್ಲಾಪುರದ ಒಬ್ಬ ದಲಾಲಿಯನ್ನು ಕಾಡಿ ಬೇಡಿ, ಡಯಾಲಿಸಿಸ್ ಮುಗಿದ ಮೇಲೆ ಒಂದು ಸಫಾರಿಯಲ್ಲಿ ಅಪ್ಪನನ್ನು ಅಕ್ಕಲಕೋಟದವರೆಗೆ ಕರೆದುಕೊಂಡು ಬಂದೆವು. 2011ರ ಗಾಡಿ, 2.2 ಡೈಕಾರ್ ಎಂಜಿನ್, ಎಂಎಚ್ 13 ಪಾಸಿಂಗ್, ಎರಡನೇ ಓನರ್. ಮಾಲೀಕರ ದ್ರಾಕ್ಷಿ ತೋಟ ಇತ್ತಂತೆ, ಮಳೆಗಾಲದಲ್ಲಿ ತೋಟಕ್ಕೆ ಹೋಗಲಿಕ್ಕೆ ಫೋರ್ ವೀಲ್ ಹಾಕಿದ್ದು ಗಾಡಿಯ ಹೊಟ್ಟೆ ನೋಡಿದರೇ ತಿಳಿಯುತ್ತಿತ್ತು. ನಡುವಿನ ಸೀಟಿನಲ್ಲಿ ಅಪ್ಪ ಮಲಗಿದರು. ವಳಸಂಗ ದಾಟೋದರೊಳಗೆ ಗೊರಕೆ. ಹಿಂದೆ ತಿರುಗಿ ನೋಡಿದ ಅಣ್ಣ ಮುಂದೆ ಏನೂ ಮಾತಾಡಲಿಲ್ಲ, ದಲಾಲಿಗೆ ರೇಟ್ ಕೇಳಿದ.

ಸಫಾರಿ ಬೇಡ ಅನ್ನಲಿಕ್ಕೆ ಕಾರಣ ಇರಲಿಲ್ಲ ಅಂತಲ್ಲ. ತೂಕ ಎರಡು ಟನ್ ಹತ್ತಿರ. ವಾರದ ಮಳೆಯಲ್ಲಿ ಹುಗಿದರೆ ಹುಗಿಯಿತೇ. ಫೋರ್ ವೀಲ್ ಹಾಕೋದು ಲಿವರ್ ಅಲ್ಲ, ಡ್ಯಾಷ್‌ಬೋರ್ಡಿನ ಗುಂಡಿ. ಒಳಗೆ ಮೋಟಾರು, ವೈರಿಂಗ್. ಚಾಚಾ ಮುಖ ಸಿಂಡರಿಸಿ, "ಇದರ ಸಾಮಾನಿಗೆ ಸೊಲ್ಲಾಪುರಕ್ಕೇ ಹೋಗಬೇಕು ನೋಡು" ಅಂದರು. ಅಪ್ಪ ಅಲ್ಲೇ ಕುರ್ಚಿ ಮೇಲೆ ಕೂತಿದ್ದರು. "ವಾರಕ್ಕ ಎರಡು ಸಲ ನಾ ಹೋಗಾದರ ಎಲ್ಲಿಗಿ?" ಅಂದರು. ಚಾಚಾ ನಕ್ಕುಬಿಟ್ಟರು. ಅಪ್ಪ ನಾಲ್ಕು ತಾಸು ಮಷಿನ್ ಮೇಲಿರುವಾಗ ಗಾಡಿ ನಾಲ್ಕು ತಾಸು ಗ್ಯಾರೇಜಿನಲ್ಲಿರಬಹುದು ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಾತುಕತೆ ಮುಗಿಯೋದಕ್ಕೂ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಗೋದಕ್ಕೂ ಸರಿಹೋಯಿತು. ನೀತಿ ಸಂಹಿತೆ, ಗಡಿಯ ಚೆಕ್‌ಪೋಸ್ಟಿನಲ್ಲಿ ತಪಾಸಣೆ, ದಾಖಲೆಯಿಲ್ಲದೆ 50,000ಕ್ಕಿಂತ ಹೆಚ್ಚು ನಗದು ಒಯ್ದರೆ ಜಪ್ತಿ. ದಲಾಲಿಗೆ ನಗದೇ ಬೇಕು. ತೊಗರಿ ಮಾರಿದ ಪಟ್ಟಿ ತೋರಿಸಿ ಒಯ್ಯಬಹುದಿತ್ತೇನೋ, ಅಣ್ಣ ಒಪ್ಪಲಿಲ್ಲ. ಬ್ಯಾಂಕಿನಿಂದ ನೇರ ಮಾಲೀಕರ ಖಾತೆಗೆ ಹಾಕಿಸಿದೆವು. ಅದು ಒಳ್ಳೇದೇ ಆಯಿತು, ದುಡ್ಡು ಕೊಟ್ಟದ್ದಕ್ಕೆ ಕಾಗದ ಉಳಿಯಿತು. ಕಾಗದದ ಕೆಲಸ ಗಾಡಿಗಿಂತ ಭಾರ. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು, ಅದನ್ನು ತೆಗೆಸಲಿಕ್ಕೆ ಫಾರ್ಮ್ 35. ರಾಜ್ಯ ಬಿಟ್ಟು ತರಲಿಕ್ಕೆ ಎನ್‌ಒಸಿ, ಫಾರ್ಮ್ 28. ಹೆಸರು ಬದಲಿಸಲಿಕ್ಕೆ 29, 30. ಬಾಕಿ ಇ-ಚಲನ್ ಇದ್ದರೆ ಎಲ್ಲವೂ ನಿಲ್ಲುತ್ತದೆ, ಮೊದಲೇ ನೋಡಿಕೊಳ್ಳಿ. ಬೇರೆ ರಾಜ್ಯದ ಗಾಡಿ ಇಲ್ಲೇ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ರೇಟ್ ಮಾತಾಡುವಾಗಲೇ ಈ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ. ನಮ್ಮ ಗಡಿಯಲ್ಲಿ "ಮಹಾರಾಷ್ಟ್ರ ಗಾಡಿ ಸಸ್ತಾ" ಅನ್ನೋರು ಅದನ್ನು ಬಿಟ್ಟು ಹೇಳುತ್ತಾರೆ. ಇನ್ನೊಂದು, ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ನಮ್ಮ ಗಾಡಿಗೆ ಆ ದಿನ ಬರೋದು 2026ರಲ್ಲಿ.

ಗಾಡಿ ಅಂಗಳಕ್ಕೆ ಬಂದ ದಿನ ಅವ್ವ ಗಾಲಿಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಸುತ್ತ ಒಂದು ಸಲ ತಿರುಗಿ ನೋಡಿ, "ಈ ರೊಕ್ಕಕ್ಕ ಎಷ್ಟು ಟಿಪ್ಪರ್ ಮುರುಮ್ ಬರ್ತಿತ್ತೋ?" ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆ ಹಾದಿಗೆ 'ನಮ್ಮ ಹೊಲ ನಮ್ಮ ರಸ್ತೆ' ಯೋಜನೆಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಹಾದಿ ಅಗಲ ಮಾಡಲಿಕ್ಕೆ ಅಕ್ಕಪಕ್ಕದ ಹೊಲದವರೆಲ್ಲ ಒಂದೊಂದು ಸಾಲು ಬಿಡಬೇಕು. ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ಬರೀ ಮುರುಮ್ ಸುರಿದರೆ ಎರೆ ಭೂಮಿ ಎರಡು ಮಳೆಗಾಲದಲ್ಲಿ ನುಂಗಿಹಾಕುತ್ತದೆ, ಕೆಳಗೆ ಕಲ್ಲು, ಬದಿಗೆ ನೀರು ಹೋಗಲಿಕ್ಕೆ ಕಾಲುವೆ ಬೇಕು. ನಮ್ಮ ಹಿಂದೆ ಇನ್ನೂ ಆರು ಹೊಲದ ಮನೆ ಇವೆ, ಆ ಮನೆಗಳಲ್ಲೂ ಮುದುಕರಿದ್ದಾರೆ, ಬಸುರಿಯರಿದ್ದಾರೆ. ಅವರಿಗೆ ಸಫಾರಿ ಇಲ್ಲ. ಈಗ ರಾತ್ರಿ ಹೊತ್ತು ಫೋನ್ ಬರೋದು ಅಣ್ಣನಿಗೇ.

ಜುಲೈನಲ್ಲಿ ಮಳೆ ಹಿಡಿಯಿತು. ಮಂಗಳವಾರ ಬೆಳಗಿನ ಐದಕ್ಕೆ ಅಣ್ಣ ಗಾಡಿ ನಿಲ್ಲಿಸಿ, ಗುಂಡಿಯನ್ನು ಫೋರ್ ಲೋಗೆ ತಿರುಗಿಸಿದ. ಡ್ಯಾಷ್‌ಬೋರ್ಡಿನ ದೀಪ ಮಿಣುಕಿ ಮಿಣುಕಿ ನಿಂತಿತು. ಒಂದು ಗಾಲಿ ನಡುವಿನ ದಿಬ್ಬದ ಮೇಲೆ, ಇನ್ನೊಂದು ಬದುವಿನ ಹುಲ್ಲಿನ ಮೇಲೆ, ಆಕ್ಸಿಲರೇಟರ್ ಹೆಚ್ಚು ಒತ್ತದೆ, ಎತ್ತಿನ ಬಂಡಿಯ ವೇಗದಲ್ಲಿ. ಎರಡು ಕಡೆ ಹಿಂಭಾಗ ಜಾರಿ ಬದುವಿನ ಕಡೆ ತಿರುಗಿತು, ಮುಂದಿನ ಗಾಲಿ ಎಳೆದುಕೊಂಡವು. ಅವತ್ತು ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರಿತ್ತು, ದಾಟಿದೆವು. ಹರಿಯೋ ನೀರು ಮೊಳಕಾಲಿಗೆ ಬಂದರೆ ಇಳಿಸೋದಿಲ್ಲ ಅಂತ ಮನೆಯಲ್ಲಿ ಮೊದಲೇ ಮಾತಾಗಿದೆ. ಎರಡು ಕಿಲೋಮೀಟರಿಗೆ ಇಪ್ಪತ್ತೆರಡು ನಿಮಿಷ. ಡಾಂಬರ್ ಹತ್ತಿದ ಮೇಲೆ ಫೋರ್ ವೀಲ್ ತೆಗೆದು, ನಾನು ಇಳಿದು ಕುರ್ಪಿಯಿಂದ ಗಾಲಿಗೆ ಮೆತ್ತಿದ ಎರೆ ಕೆರೆದು ಹಾಕುತ್ತಿದ್ದೆ. ಅಪ್ಪ ಕಿಟಕಿ ಗಾಜು ಇಳಿಸಿ, "ಲಗೂ ಮುಗಸು, ಮಷಿನ್ ನಂಬರ್ ಏಳೂವರಿಗದ" ಅಂದರು.