ಕೊನೆಗೆ ಬರುವ ಬೆಕ್ಕು



ಟಿ.ವಿ.ಯಲ್ಲಿ ಧಾರಾವಾಹಿ ಮುಗಿದ ಕೂಡಲೇ ನಾವೇನು ಮಾಡುತ್ತೇವೆ? ಅಮ್ಮ ಒಲೆ ಕಡೆ ಹೋಗುತ್ತಾಳೆ. ಅಪ್ಪ ಚಾನೆಲ್ ಬದಲಾಯಿಸುತ್ತಾನೆ. ಸಣ್ಣ ಅಕ್ಷರದಲ್ಲಿ ಓಡುವ ಹೆಸರುಗಳನ್ನಾಗಲಿ, ಕಟ್ಟಕಡೆಗೆ ಎರಡು ಮೂರು ಸೆಕೆಂಡು ಬಂದು ಹೋಗುವ ಕಂಪನಿಯ ಗುರುತನ್ನಾಗಲಿ ಯಾರೂ ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ. ನನಗೆ ಅದನ್ನು ಕಲಿಸಿದ್ದು ಒಂದು ಬೆಕ್ಕು.

ಬೇಸಿಗೆ ರಜಕ್ಕೆ ಬೆಂಗಳೂರಿನ ಮಾವನ ಮನೆಗೆ ಹೋಗಿದ್ದೆ. ಮಾವನಿಗೆ ಅಮೆರಿಕದ ಹಳೇ ಧಾರಾವಾಹಿಗಳ ಹುಚ್ಚು. ಕಂಪ್ಯೂಟರಿನಲ್ಲಿ ಹಾಕಿಕೊಂಡು ನೋಡುತ್ತಾನೆ. ಆ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೆ ಎಲ್ಲಾ ಮುಗಿದ ಮೇಲೆ ಎಂ.ಟಿ.ಎಂ. ಎಂಬ ಅಕ್ಷರಗಳ ಜೊತೆ ಒಂದು ಕೆಂಚು ಬೆಕ್ಕಿನ ಮರಿ ಬಾಯಿ ತೆರೆದು "ಮಿಯಾಂವ್" ಅಂದಿತು. ಮಾವ ಆಫ್ ಮಾಡಲು ಹೋದ. "ತಡಿ ಮಾವ, ಇನ್ನೊಂದ್ಸಲ ಹಾಕು" ಅಂದೆ.

ಮಾವ ಹೇಳಿದ ಕತೆ ಹೀಗಿದೆ. ಮೇರಿ ಟೈಲರ್ ಮೂರ್ ಎಂಬ ನಟಿ ಮತ್ತು ಆಗ ಆಕೆಯ ಗಂಡನಾಗಿದ್ದ ಗ್ರಾಂಟ್ ಟಿಂಕರ್ ಸೇರಿ 1969ರಲ್ಲಿ ಈ ಕಂಪನಿ ಕಟ್ಟಿದರು. ಆಕೆಯ ಹೆಸರಿನ ಮೊದಲ ಅಕ್ಷರಗಳೇ ಎಂ.ಟಿ.ಎಂ. ಟಾಮ್ ಅಂಡ್ ಜೆರ್ರಿ ಶುರುವಾಗುವಾಗ ಗರ್ಜಿಸುವ ಸಿಂಹವನ್ನು ನೀವೆಲ್ಲಾ ನೋಡಿದ್ದೀರಿ. ಅದು ಎಂ.ಜಿ.ಎಂ. ಎಂಬ ದೊಡ್ಡ ಕಂಪನಿಯದು. ಅವರದು ಸಿಂಹವಾದರೆ ನಮ್ಮದು ಬೆಕ್ಕಿರಲಿ ಎಂದು ಇವರು ತಮಾಷೆ ಮಾಡಿದರು. ಆ ಬೆಕ್ಕಿನ ಹೆಸರು ಮಿಮ್ಸಿ.

ತಮಾಷೆ ಅಷ್ಟಕ್ಕೇ ನಿಲ್ಲಲಿಲ್ಲ. ಧಾರಾವಾಹಿಗೆ ತಕ್ಕಂತೆ ಬೆಕ್ಕಿನ ವೇಷವೂ ಬದಲಾಗುತ್ತಿತ್ತು. "ಹಿಲ್ ಸ್ಟ್ರೀಟ್ ಬ್ಲೂಸ್" ಪೊಲೀಸರ ಕತೆ, ಅದರಲ್ಲಿ ಬೆಕ್ಕಿಗೆ ಪೊಲೀಸ್ ಟೋಪಿ. "ದಿ ವೈಟ್ ಶ್ಯಾಡೋ" ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಕತೆ, ಅದರಲ್ಲಿ ಬೆಕ್ಕು ಚೆಂಡು ಪುಟಿಸುತ್ತದೆ. "ರೆಮಿಂಗ್ಟನ್ ಸ್ಟೀಲ್" ಪತ್ತೇದಾರಿ ಕತೆ, ಅದರಲ್ಲಿ ಷರ್ಲಾಕ್ ಹೋಮ್ಸನ ಟೋಪಿ, ಬಾಯಲ್ಲಿ ಪೈಪು. ಮಿಯಾಂವ್ ಅನ್ನುವಾಗ ಪೈಪು ಬಿದ್ದೇ ಹೋಗುತ್ತದೆ! "ನ್ಯೂಹಾರ್ಟ್" ಎಂಬ ಹಾಸ್ಯ ಧಾರಾವಾಹಿಯಲ್ಲಿ ನಾಯಕನಟ ಬಾಬ್ ನ್ಯೂಹಾರ್ಟನೇ ತನ್ನ ದನಿಯಲ್ಲಿ ಮಿಯಾಂವ್ ಅನ್ನುತ್ತಾನೆ. ನಾನು ಬಿದ್ದು ಬಿದ್ದು ನಕ್ಕೆ.

ಆದರೆ "ಸೇಂಟ್ ಎಲ್ಸ್‌ವೇರ್" ನೋಡಿ ನಗು ಬರಲಿಲ್ಲ. ಅದು ಆಸ್ಪತ್ರೆಯ ಕತೆ. ಯಾವಾಗಲೂ ಬೆಕ್ಕು ಡಾಕ್ಟರ ಹಾಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬರುತ್ತಿತ್ತು. 1988ರ ಮೇ 25ರಂದು ಕೊನೆಯ ಕಂತು ಬಂತು. ಅವತ್ತು ಬೆಕ್ಕು ರೋಗಿಯಾಗಿ ಮಲಗಿದೆ. ಪಕ್ಕದಲ್ಲಿ ಎದೆಬಡಿತ ತೋರಿಸುವ ಯಂತ್ರ. ಹೆಸರುಗಳು ಓಡಿ ಮುಗಿಯುವಾಗ ಗೆರೆ ನೇರವಾಗಿಬಿಡುತ್ತದೆ.

"ಯಾಕೆ ಸಾಯಿಸಿದ್ರು?" ಅಂದೆ.

"ಧಾರಾವಾಹಿ ಮುಗೀತಲ್ಲ, ಅದಕ್ಕೆ. ಹಾಸ್ಯ ಕಣೋ" ಅಂದ ಮಾವ.

ನಿಜವಾದ ಮಿಮ್ಸಿ ಕೂಡ ಅದೇ ವರ್ಷ ತೀರಿಕೊಂಡಿತಂತೆ. ಅದಕ್ಕೆ ಆಗ 20 ವರ್ಷ. ಆದರೂ ಬೇರೆ ಧಾರಾವಾಹಿಗಳ ಕೊನೆಯಲ್ಲಿ ಆ ಮರಿ ಬಂದು ಮಿಯಾಂವ್ ಅನ್ನುತ್ತಲೇ ಇತ್ತು. ಇದು ನನ್ನ ಮನಸ್ಸಿನಲ್ಲಿ ಉಳಿಯಿತು.

ನನಗೆ ಇದರ ಮೇಲೆ ಯಾಕಿಷ್ಟು ಆಸೆ ಅಂತ ಹೇಳಿಬಿಡುತ್ತೇನೆ. ಹೋದ ವರ್ಷದ ನಾಟಕಕ್ಕೆ ಅರಮನೆಯ ಪರದೆ ಬರೆದವನು ನಾನು. ಹನ್ನೊಂದು ದಿನ ಬರೆದೆ. ನಾಟಕ ಮುಗಿದ ಮೇಲೆ ನನ್ನ ಹೆಸರು ಓದಿದರು. ಅಷ್ಟು ಹೊತ್ತಿಗೆ ಜನ ಚಾಪೆ ಮಡಚಿಕೊಂಡು ಎದ್ದಿದ್ದರು. ನೀರು ಕಟ್ಟುವುದನ್ನು ಬಿಟ್ಟು ಬಂದಿದ್ದ ನನ್ನಪ್ಪನಿಗೂ ಆ ಗದ್ದಲದಲ್ಲಿ ಕೇಳಿಸಲಿಲ್ಲ. "ನಿನ್ನ ಹೆಸ್ರು ಹೇಳ್ಲೇ ಇಲ್ವಲ್ಲೋ" ಅಂದ. ಹೇಳಿದರು ಅಂದರೂ ನಂಬಲಿಲ್ಲ.

ಊರಿಗೆ ಬಂದ ಮೇಲೆ ಈ ಗೋಡೆಪತ್ರಿಕೆಯನ್ನು ಚೆಂದದ ಅಕ್ಷರದಲ್ಲಿ ಬರೆಯುವ ಕೆಲಸ ನನಗೆ ಬಂತು. ಹಾಳೆಯ ಕೆಳಗಿನ ಮೂಲೆಯಲ್ಲಿ ಹೆಸರಿನ ಬದಲು ಒಂದು ಗುಬ್ಬಿ ಬರೆದೆ. ಮಳೆಗಾಲದ ಸಂಚಿಕೆಯಲ್ಲಿ ಅದಕ್ಕೆ ಕೊಡೆ ಕೊಟ್ಟೆ. ಆಗಸ್ಟಿನಲ್ಲಿ ಬಾವುಟ. ದಸರಾಕ್ಕೆ ಅಂಬಾರಿ. ಯಾರೂ ಏನೂ ಅನ್ನಲಿಲ್ಲ. ಒಂದು ಸಲ ಅವಸರದಲ್ಲಿ ಮರೆತೆ. ಅವತ್ತು ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡೇ ಆರನೇ ತರಗತಿಯ ಒಂದು ಹುಡುಗಿ ಬಂದು, "ಅಣ್ಣಾ, ಗುಬ್ಬಿ ಎಲ್ಲೋಯ್ತು?" ಅಂತ ಕೇಳಿದಳು. ಹನ್ನೊಂದು ದಿನದ ಪರದೆಗೆ ಸಿಗದ ಬಹುಮಾನ ಅವತ್ತು ಸಿಕ್ಕಿತು.

ನಾನು ಈಗ ಹತ್ತನೇ ತರಗತಿ. ಪರೀಕ್ಷೆ ಹತ್ತಿರ ಬಂತು. ಇದು ನಾನು ಬರೆಯುವ ಕಡೇ ಸಂಚಿಕೆ. ಗುಬ್ಬಿಯನ್ನು ಹೇಗೆ ಮುಗಿಸಲಿ ಎಂದು ಎರಡು ದಿನ ಯೋಚಿಸಿದೆ. ಅಮೆರಿಕದವರ ಹಾಗೆ ಮಲಗಿಸಿಬಿಡಲೇ, ಇಲ್ಲ ಹಾರಿಸಿ ಮೂಲೆ ಖಾಲಿ ಬಿಡಲೇ? ಎರಡೂ ಮನಸ್ಸಿಗೆ ಬರಲಿಲ್ಲ. ಮಿಮ್ಸಿ ಹೋದ ಮೇಲೂ ಮಿಯಾಂವ್ ಉಳಿದಿತ್ತಲ್ಲ.

ಅದಕ್ಕೇ ಪೆನ್ನನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಇಷ್ಟು ಓದಿದವರು ದಯವಿಟ್ಟು ಇನ್ನೆರಡು ಸೆಕೆಂಡು ನಿಂತು ಕೆಳಗಿನ ಮೂಲೆ ನೋಡಿ. ಕಾಲು ಸ್ವಲ್ಪ ಸೊಟ್ಟಗಿರುವ ಆ ಗುಬ್ಬಿ ನನ್ನದಲ್ಲ, ಅವಳದು.